ಹೊಳೆಯಂತೆ ಕಂಡ ಬಿರುಕು

ಕೆರೆಯಂಚಿನಲ್ಲಿದ್ದ ಒಂದು ಬೆಳ್ಳಕ್ಕಿಯ ಕಂಪ್ಯೂಟರಿನ ಪರದೆ ಕೆಟ್ಟುಹೋಯಿತು. ದೂರದ ಕೆರೆಯಲ್ಲಿ ನೆಲೆಸಿದ್ದ ತಂಗಿಯ ಮುಖವನ್ನು ಅದು ಆ ಪರದೆಯಲ್ಲೇ ನೋಡುತ್ತಿತ್ತು. ಹಾಗಾಗಿ ಒಂದು ಮುಂಜಾನೆ, ನೀರಿನ ಮೇಲೆ ಮಂಜು ಇನ್ನೂ ತೇಲುತ್ತಿರುವಾಗಲೇ, ಹಳೆಯ ಸಾಮಾನು ಮಾರುವ ಆಮೆಯ ಅಂಗಡಿಗೆ ಹೋಯಿತು.

ಅಂಗಡಿಯಲ್ಲಿ ಉಳಿದಿದ್ದುದು ಒಂದೇ ಪರದೆ. ಆಮೆ ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದಾಗ ನೀಲಿ ಬೆಟ್ಟಗಳ ಚಿತ್ರ ಮೂಡಿತು. ಬೆಟ್ಟಗಳ ನಡುವೆ ಓರೆಯಾಗಿ ಒಂದು ಬಿಳಿ ಗೆರೆ.

“ಬಿರುಕು ಬಿಟ್ಟಿದೆ, ನೋಡಿಕೊಳ್ಳಿ,” ಎಂದಿತು ಆಮೆ.

“ಬಿರುಕು ಅಂತ ಯಾಕೆ ಅನ್ನುತ್ತೀರಿ? ಹೊಳೆ ಹರಿದ ಹಾಗಿದೆಯಲ್ಲ,” ಎಂದಿತು ಬೆಳ್ಳಕ್ಕಿ. ನೋಡುತ್ತ ನೋಡುತ್ತ ಅದಕ್ಕೆ ಹೊಳೆಯ ಸದ್ದೂ ಕೇಳಿಸಿತು, ಕಾಲಿಗೆ ತಣ್ಣೀರು ಸೋಕಿದಂತಾಯಿತು. “ಕಟ್ಟಿಕೊಡಿ, ಒಯ್ಯುತ್ತೇನೆ.”

ಆಮೆ ಕಟ್ಟಿಕೊಡಲಿಲ್ಲ. “ಮನೆಯಲ್ಲಿ ಇದರಲ್ಲಿ ಏನು ನೋಡುತ್ತೀರಿ?”

“ನನ್ನ ತಂಗಿಯನ್ನು.”

“ಹಾಗಾದರೆ ಇಲ್ಲಿಂದಲೇ ಒಮ್ಮೆ ಕರೆಯಿರಿ.”

ಬೆಳ್ಳಕ್ಕಿ ಕರೆಯಿತು. ಬೆಟ್ಟಗಳು ಕರಗಿ ತಂಗಿಯ ಮುಖ ಮೂಡಿತು. ಬಿರುಕು ಅದರ ನೀಳ ಕತ್ತನ್ನು ಕೊಯ್ದಂತೆ ಹಾದುಹೋಗಿತ್ತು. ಹೊಳೆ ಎಲ್ಲಿತ್ತೆಂದು ಹುಡುಕಿದರೂ ಬೆಳ್ಳಕ್ಕಿಗೆ ಮತ್ತೆ ಕಾಣಲಿಲ್ಲ.

“ಅಕ್ಕಾ, ಯಾಕೆ ಮಾತಾಡುತ್ತಿಲ್ಲ?” ಎಂದಿತು ತಂಗಿ.

“ಏನಿಲ್ಲ, ನೀನು ಮಾತಾಡು,” ಎಂದು ಬೆಳ್ಳಕ್ಕಿ ಕಣ್ಣು ಮುಚ್ಚಿಕೊಂಡಿತು. ತಂಗಿಯ ದನಿ ಇಡಿಯಾಗಿಯೇ ಬರುತ್ತಿತ್ತು. ಅದನ್ನು ಕೊನೆಯವರೆಗೂ ಕೇಳಿಸಿಕೊಂಡು, ಆಮೇಲೆ ಆಮೆಗೆ ಹೇಳಿತು: “ಬೆಟ್ಟ ನೋಡುವವರು ಯಾರಾದರೂ ಬಂದರೆ ಇದನ್ನು ಕೊಡಿ. ಇನ್ನೊಂದು ಬರುವ ತನಕ ನಾನು ಕಾಯುತ್ತೇನೆ.”