ಎಂಟು ದೀಪ ಹತ್ತಿದ ಮೇಲೆ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಮಂತ್ರ ಕಲಿಯುವವರಿಗಿಂತ ವೈರಿಂಗ್ ಕಲಿಯುವವರೇ ಹೆಚ್ಚು.

ಕಲಿಸುವವರು ಫಕೀರಪ್ಪ ಮಾಸ್ತರರು. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವರು. ಮಾತು ಅಳೆದು ತೂಗಿ ಆಡುವರು, ಅದೂ ಕೇಳಿದರೆ ಮಾತ್ರ.

ಶಿಷ್ಯೆ ಹುಲಿಗೆಮ್ಮ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ಆಶ್ರಮದ ದವಾಖಾನೆಗೆ ಡಾಕ್ಟರು ಇರಲಿಲ್ಲ. ಬಳ್ಳಾರಿಯಿಂದ ಒಬ್ಬ ಡಾಕ್ಟರು ಪರದೆಯ ಮೇಲೆ ಬಂದು ರೋಗಿಗಳನ್ನು ನೋಡುವುದೆಂದು ನಿಗದಿಯಾಗಿತ್ತು. ಅದಕ್ಕಾಗಿ ಆಫೀಸಿನಿಂದ ದವಾಖಾನೆಗೆ ಎಂಬತ್ತು ಮೀಟರ್ ಉದ್ದದ ಆರು ನೆಟ್‌ವರ್ಕ್ ಕೇಬಲ್ ಎಳೆದವಳು ಹುಲಿಗೆಮ್ಮ.

ಅದೇ ಅವಳ ಪರೀಕ್ಷೆ. ಮಾಸ್ತರರು ಒಪ್ಪಿ ಸಹಿ ಹಾಕಿದರೆ ಪ್ರಮಾಣಪತ್ರ. ಪತ್ರ ಸಿಕ್ಕರೆ ಸೋಮವಾರದಿಂದ ಹೊಸಪೇಟೆಯ ಕಾರ್ಖಾನೆಯಲ್ಲಿ ನೌಕರಿ. ಮನೆಯಲ್ಲಿ ಮದುವೆಯ ಮಾತು ಎದ್ದಿತ್ತು. ಅದು ಗಟ್ಟಿಯಾಗುವ ಮೊದಲೇ ಅವಳಿಗೆ ಆ ನೌಕರಿ ಬೇಕಿತ್ತು.

ಕೇಬಲ್ಲಿನ ಒಳಗೆ ಎಂಟು ತಂತಿ. ಎರಡೆರಡು ಒಂದಕ್ಕೊಂದು ಸುತ್ತಿಕೊಂಡು ನಾಲ್ಕು ಜೋಡಿ. ತುದಿಯ ಪ್ಲಗ್ಗಿನಲ್ಲಿ ಎಂಟು ಮನೆ. ಯಾವ ತಂತಿ ಯಾವ ಮನೆಗೆ ಎಂಬ ಸಾಲನ್ನು ಮಾಸ್ತರರು ಮೊದಲ ದಿನವೇ ಬಾಯಿಪಾಠ ಮಾಡಿಸಿದ್ದರು. ಅದರಂತೆ ಹಸಿರು ಜೋಡಿಯಲ್ಲಿ ಒಂದು ಮೂರನೇ ಮನೆಗೆ, ಇನ್ನೊಂದು ಆರನೇ ಮನೆಗೆ. ನಡುವೆ ನೀಲಿ ಜೋಡಿ.

ಹುಲಿಗೆಮ್ಮನಿಗೆ ಇದು ಸರಿಬರಲಿಲ್ಲ. ಎಲ್ಲ ಜೋಡಿಗಳನ್ನೂ ಪಕ್ಕಪಕ್ಕದಲ್ಲೇ ಕೂರಿಸಿದಳು. ಎರಡೂ ತುದಿಯಲ್ಲಿ ಹಾಗೆಯೇ. ಪ್ರತಿ ತಂತಿ ತುದಿಯಿಂದ ತುದಿಗೆ ಮುಟ್ಟಿದರೆ ಒಂದೊಂದು ದೀಪ ಹತ್ತಿಸಿ ತೋರಿಸುವ ಟೆಸ್ಟರ್ ಹಚ್ಚಿದಳು. ಎಂಟು ದೀಪ ಒಂದರ ಹಿಂದೊಂದು ಹತ್ತಿದವು.

"ಸಾಲು ತಪ್ಪೈತಿ," ಎಂದರು ಮಾಸ್ತರರು.

"ಎಂಟೂ ದೀಪ ಹತ್ತ್ಯಾವಲ್ರಿ ಸರ."

"ಹತ್ತ್ಯಾವ. ಸಾಲು ತಪ್ಪೈತಿ."

"ಗಂಡ ಹೆಂಡ್ತಿ ನಡುವ ಮತ್ತೊಂದು ಜೋಡಿ ಕೂಡಿಸೂದು ಯಾವ ನ್ಯಾಯ? ಯಾರೋ ಎಲ್ಲೋ ಕುಂತು ಬರದ ಸಾಲು. ನಾ ಯಾಕ ಕೇಳಬೇಕು?"

ಮಾಸ್ತರರು ನಕ್ಕರು. ಸಹಿ ಮಾತ್ರ ಹಾಕಲಿಲ್ಲ.

ಮರುದಿನ ಅವರು ಹೊಳೆಯಲ್ಲಿ ಪಂಚೆ ಹಿಂಡುತ್ತಿದ್ದಾಗ ಹುಲಿಗೆಮ್ಮ ಟೆಸ್ಟರ್ ಹಿಡಿದುಕೊಂಡೇ ಬಂದಳು.

"ನಿಮ್ಮ ಸಾಲಿಗೂ ಎಂಟು ದೀಪ, ನನ್ನ ಸಾಲಿಗೂ ಎಂಟು ದೀಪ. ಫರಕು ಏನೈತಿ ಸರ?"

ಮಾಸ್ತರರು ಆಚೆ ದಂಡೆಗೆ ಕೈ ತೋರಿಸಿದರು. "ಆ ಹರಿಗೋಲು ಹೋಗಿ ಮುಟ್ಟಿತೇನು?"

"ಮುಟ್ಟಿತು."

"ಒಳಗ ಕುಂತವರು ತೋಯ್ದಾರೋ ಇಲ್ಲೋ, ಇಲ್ಲಿಂದ ಕಾಣ್ತೈತೇನು?"

"ಹರಿಗೋಲು ಬಿಡ್ರಿ ಸರ. ಕೇಬಲ್ ಮಾತಾಡ್ರಿ."

ಮಾಸ್ತರರು ಪಂಚೆ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಮೂರನೆಯ ದಿನವೂ ಇದೇ ಹಾಡು.

ನಾಲ್ಕನೆಯ ದಿನ ದವಾಖಾನೆಯ ಉದ್ಘಾಟನೆ. ಆಶ್ರಮದ ಮ್ಯಾನೇಜರ್ ಶೇಖರಯ್ಯನವರು ಬೆಳಿಗ್ಗೆಯೇ ಠಸ್ಸೆ ಹೊಡೆದ ಪ್ರಮಾಣಪತ್ರ ಹಿಡಿದು ಬಂದರು.

"ಮಾಸ್ತರ, ಇದಕ್ಕೊಂದು ಸಹಿ ಮಾಡ್ರಿ. ಹನ್ನೊಂದಕ್ಕ ದೊಡ್ಡ ಮಂದಿ ಬರ್ತಾರ. ಅವರ ಕೈಲೆ ಕೊಡಿಸಿದ್ರ ಹುಡುಗೀಗೂ ಚಂದ."

"ಮೊದಲ ಒಬ್ಬರನ್ನ ಡಾಕ್ಟರಿಗೆ ತೋರಿಸಿ ನೋಡೂಣು," ಎಂದ ಮಾಸ್ತರರು ಕಟ್ಟೆಯ ಮೇಲೆ ಕೂತಿದ್ದ ನಿಂಗವ್ವಜ್ಜಿಯನ್ನು ಒಳಗೆ ಕರೆದರು. ಅಜ್ಜಿಗೆ ಎದೆಯ ಕಾಯಿಲೆ.

ಪರದೆಯ ಮೇಲೆ ಡಾಕ್ಟರ ಮುಖ ಮೂಡಿತು. ಹುಲಿಗೆಮ್ಮ ಗೆದ್ದವಳ ಹಾಗೆ ಮಾಸ್ತರರ ಕಡೆ ನೋಡಿದಳು.

"ಅಜ್ಜಿ, ಬಿಳಿ ಮಾತ್ರೆ ದಿನಕ್ಕೆ..." ಎಂದ ಡಾಕ್ಟರು ಬಾಯಿ ತೆರೆದಲ್ಲೇ ನಿಂತರು. ಮುಖ ಚೂರುಚೂರಾಯಿತು. ಮತ್ತೆ ಕೂಡಿಕೊಂಡಿತು. "ಹೆಚ್ಚು ಕಡಿಮೆ ಆದರೆ ಜೀವಕ್ಕೆ ಅಪಾಯ. ತಿಳೀತಲ್ಲ?" ಎಂದು ಮತ್ತೆ ನಿಂತುಹೋದರು.

ಅಜ್ಜಿ ಹುಲಿಗೆಮ್ಮನ ಕೈ ಹಿಡಿದಳು. "ಎಷ್ಟಂದ್ರ ಯವ್ವಾ? ಒಂದೋ, ಮೂರೋ?"

ಹುಲಿಗೆಮ್ಮ ಪ್ಲಗ್ಗನ್ನು ಒತ್ತಿ ನೋಡಿದಳು.

"ಅಜ್ಜಿಗೆ ನಿನ್ನ ಎಂಟು ದೀಪ ತೋರ್ಸು," ಎಂದರು ಮಾಸ್ತರರು.

"ಬಳ್ಳಾರಿ ಕಡೆ ಲೈನ್ ಸರಿ ಇಲ್ಲ ಸರ."

ಮಾಸ್ತರರು ವಾದಕ್ಕೆ ಇಳಿಯಲಿಲ್ಲ. ತಾವೇ ತುದಿ ಕಟ್ಟಿದ್ದ ಕೇಬಲ್ ಒಂದನ್ನು ಆಫೀಸಿನಿಂದ ಅಂಗಳದ ನೆಲದ ಮೇಲೆಯೇ ಹಾಸಿ ತಂದು ಸಿಕ್ಕಿಸಿದರು. ಡಾಕ್ಟರು ತಿಳಿಯಾಗಿ ಬಂದರು.

"ದಿನಕ್ಕೆ ಅರ್ಧ ಮಾತ್ರೆ ಅಜ್ಜಿ. ಅರ್ಧ ಮಾತ್ರ."

"ಅರ್ಧನ?" ಅಜ್ಜಿ ನಕ್ಕಳು. "ನಾ ಮೂರು ನುಂಗಾಕಿ ಇದ್ದೆ."

ಹುಲಿಗೆಮ್ಮ ತಲೆ ತಗ್ಗಿಸಲಿಲ್ಲ.

"ತಪ್ಪು ನಂದ ಸರ. ಆದ್ರ ಯಾಕ ಅಂತ ತಿಳೀದ ನಾ ಸಾಲು ಬದಲಿ ಮಾಡಾಂಗಿಲ್ಲ."

ಮಾಸ್ತರರು ಒಂದು ತುಂಡು ಕೇಬಲ್ ಕೊಟ್ಟರು. "ಸುಲಿ. ಇವು ಯಾಕ ಸುತ್ತಿಕೊಂಡಾವ?"

"ಹೊರಗಿನ ಗದ್ದಲ ಎರಡರ ಮ್ಯಾಲೂ ಸಮಾ ಬೀಳಲಿ ಅಂತ. ಸಮಾ ಬಿದ್ರ ತುದೀಗಿರೋ ಯಂತ್ರ ಅದನ್ನ ಕಳದು ಒಗೀತೈತಿ." ಪಾಠ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಯಂತ್ರ ಮೂರನೇ ಮನಿ, ಆರನೇ ಮನಿ ಒಂದು ಜೋಡಿ ಅಂತ ತಿಳಕೊಂಡು ಮಾತಾಡ್ತೈತಿ. ನೀ ಅಲ್ಲಿ ಯಾರನ್ನ ಕೂಡಿಸಿದಿ?"

ಅವಳು ತನ್ನ ಪ್ಲಗ್ಗನ್ನು ಬೆಳಕಿಗೆ ಹಿಡಿದು ಎಣಿಸಿದಳು. ಮೂರರಲ್ಲಿ ಹಸಿರು. ಆರರಲ್ಲಿ ನೀಲಿ.

ಸುಲಿದ ತುಂಡಿನಲ್ಲಿ ಹಸಿರು ಯಾವುದಕ್ಕೆ ಸುತ್ತಿಕೊಂಡಿದೆ ಎಂದು ನೋಡಿದಳು.

"ಇವೆರಡೂ ದಾರಿಯೊಳಗ ಒಂದಕ್ಕೊಂದು ಸುತ್ತಿಕೊಂಡು ಬಂದಿಲ್ಲ. ಗದ್ದಲ ಒಂದಕ್ಕೊಂಥರಾ ಬಿದ್ದೈತಿ." ಆಮೇಲೆ ಕೇಳಿದಳು, "ಇದನ್ನ ಮೊದಲ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಕೇಳ್ತಿದ್ದೇನು?"

ಹುಲಿಗೆಮ್ಮ ಮೊಂಡಿ, ಸುಳ್ಳಿಯಲ್ಲ. "ಇಲ್ರಿ," ಎಂದಳು. ಕಟರ್ ಎತ್ತಿಕೊಂಡು ತನ್ನ ಕೇಬಲ್ಲುಗಳ ಮುಂದೆ ಕೂತಳು.

ಅಷ್ಟರಲ್ಲಿ ಶೇಖರಯ್ಯನವರು ಓಡಿ ಬಂದರು. ಬರುವ ದಾರಿಯಲ್ಲೇ, ಕಾಲಿಗೆ ತೊಡರುತ್ತದೆಂದು, ಅಂಗಳದ ಕೇಬಲ್ಲನ್ನು ಸುತ್ತಿ ಎತ್ತಿಸಿದ್ದರು.

"ಏನ್ ಮಾಡಾಕತ್ತಿ?"

"ಎಲ್ಲಾ ತುದಿ ಕತ್ತರಿಸಿ ಹೊಸದಾಗಿ ಕಟ್ಟತೀನ್ರಿ. ಎರಡು ತಾಸು ಬೇಕು."

"ಹುಚ್ಚೇನು ನಿನಗ? ದೀಪ ಹತ್ತತಾವ, ಮುಖ ಕಾಣ್ತೈತಿ, ಸಾಕು. ಅವರು ಬರ್ತಾರ, ಗುಂಡಿ ಒತ್ತತಾರ, ಫೋಟೋ ತಗಸ್ಕೊಂಡು ಹೋಗ್ತಾರ. ನಾಳೆ ಕತ್ತರಿಸು."

"ಅವರು ಹೋದ ಕೂಡಲೇ ಇಪ್ಪತ್ತು ಮಂದಿ ರೋಗಿಗಳು ಪಾಳಿ ಹಚ್ಚತಾರ. ಅವರಿಗೆ ನಾಳೆ ಬರ್ರಿ ಅಂತ ನೀವು ಹೇಳ್ತೀರೇನು?"

ಶೇಖರಯ್ಯನವರಿಗೆ ರೇಗಿತು. ಪ್ರಮಾಣಪತ್ರವನ್ನು ಅವಳ ಮುಖದ ಮುಂದೆ ಹಿಡಿದರು. "ಒಂದು ತುದಿ ಕತ್ತರಿಸಿದ್ರೂ ಇದನ್ನ ಹರೀತೀನಿ. ಆಮ್ಯಾಲ ನೌಕರಿ ಹೆಂಗ ಸಿಗತೈತಿ ನೋಡ್ತೀನಿ."

ಹುಲಿಗೆಮ್ಮ ಪತ್ರ ನೋಡಿದಳು. ಅವಳ ಹೆಸರನ್ನು ದುಂಡಗೆ, ಚಂದಾಗಿ ಬರೆದಿದ್ದರು. ಅದರ ಮೇಲೆ ಅವಳು ಅಷ್ಟು ಆಸೆ ಇಟ್ಟುಕೊಂಡಿದ್ದಳು.

"ಹರೀರಿ," ಎಂದಳು ಕಡ್ಡಿ ಮುರಿದಂತೆ.

ಮೊದಲ ತುದಿ ನೆಲಕ್ಕೆ ಬಿತ್ತು. ಆಮೇಲೆ ಎರಡನೆಯದು. ಶೇಖರಯ್ಯನವರು ಪತ್ರವನ್ನು ಎರಡಾಗಿ ಹರಿದರು, ನಾಲ್ಕಾಗಿ ಹರಿದರು. ಅವಳು ಕೈ ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಮೊಣಕೈಯಿಂದ ಒರೆಸಿಕೊಂಡು ಮುಂದಿನ ಕೇಬಲ್ ಹಿಡಿದಳು.

ಗೇಟಿನ ಬಳಿ ಕಾರುಗಳ ಸದ್ದಾಯಿತು. ಶೇಖರಯ್ಯನವರ ದನಿ ಮೆತ್ತಗಾಯಿತು.

"ಮಾಸ್ತರ, ನೀವರ ಹೇಳ್ರಿ. ಗುರುಗಳ ಮಾತು ಕೇಳ್ತಾಳ."

ಮಾಸ್ತರರು ಹುಲಿಗೆಮ್ಮನ ಪಕ್ಕದಲ್ಲಿ ನೆಲಕ್ಕೆ ಕೂತರು. ಕತ್ತರಿಸಿದ ಒಂದು ತುದಿಯನ್ನು ಎತ್ತಿಕೊಂಡು ಸುಲಿಯತೊಡಗಿದರು.

"ನಾಲ್ಕು ದಿನ ನನಗೂ ಬಗ್ಗಲಿಲ್ರಿ ಆಕಿ," ಎಂದರು. "ಇವತ್ತ ತಂತಿಗೆ ಬಗ್ಗ್ಯಾಳ. ಇನ್ನ ಯಾರಿಗೂ ಬಗ್ಗಾಕಿ ಅಲ್ಲ."