ಬೋಳುಗಲ್ಲಿನ ಕೆರೆ

"ಬುದ್ಧಿ, ಸರಸ್ವತಿಗೆ ಬೆಲೆ ಕಟ್ಟಬಹುದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿ ಕನ್ನಡಕ ತೆಗೆದರು. "ಪ್ರಶ್ನೆ ಬಹಳ ದೊಡ್ಡದಾಯಿತು. ಯಾರಿಗೆ ಏನು ಕೊಡಬೇಕಾಗಿದೆ, ಮೊದಲು ಅದನ್ನು ಹೇಳು" ಎಂದರು.

ಶಿಷ್ಯನ ಹೆಸರು ಮರುಳಯ್ಯ. ಮಠದ ಪುಸ್ತಕಗಳ ಉಸ್ತುವಾರಿ ಅವನದು. ತಮ್ಮ ಗುರುಗಳಾಗಿದ್ದ, ಲಿಂಗೈಕ್ಯರಾದ ಹಿರಿಯ ಗುರುಗಳ ಚರಿತ್ರೆ ಬರೆಸುವ ಕೆಲಸವನ್ನು ಗುರುಗಳೇ ಅವನಿಗೆ ಒಪ್ಪಿಸಿದ್ದರು. ಅವನು ಅದನ್ನು ದಾಕ್ಷಾಯಿಣಿ ಎಂಬ ಹೆಣ್ಣುಮಗಳಿಂದ ಬರೆಸಿದ್ದ. ಆಕೆ ಯಾವ ಪತ್ರಿಕೆಯಲ್ಲೂ ಸಂಬಳಕ್ಕಿರಲಿಲ್ಲ. ಕೇಳಿದವರಿಗೆ ಬರೆದುಕೊಟ್ಟು ಬದುಕುತ್ತಿದ್ದಳು. ಏಳು ತಿಂಗಳು ಹಳ್ಳಿಹಳ್ಳಿ ತಿರುಗಿ, ಹಿರಿಯ ಗುರುಗಳನ್ನು ಕಂಡಿದ್ದ ಮುದುಕರ ಬಾಯಿಂದ ಕೇಳಿ ಕೇಳಿ ಬರೆದಿದ್ದಳು. ಪುಸ್ತಕ ಈಗ ಅಚ್ಚಿಗೆ ಹೋಗಿತ್ತು. ಬೆಳಗ್ಗೆಯಿಂದ ಆಕೆ ಮಠದ ಜಗಲಿಯ ಮೇಲೆ ಕೂತಿದ್ದಳು.

"ದುಡ್ಡು ಕೇಳ್ತಿದಾಳೆ, ಬುದ್ಧಿ" ಎಂದ ಮರುಳಯ್ಯ. "ಗುರುಗಳ ಚರಿತ್ರೆ ಬರೆಯೋದು ಸೇವೆ ಅಲ್ಲವೆ? ಸಭೆಯಲ್ಲಿ ಶಾಲು ಹೊದಿಸ್ತೀವಿ, ಫಲತಾಂಬೂಲ ಕೊಡ್ತೀವಿ, ಪುಸ್ತಕದ ಮೇಲೆ ಹೆಸರು ಹಾಕಿಸ್ತೀವಿ ಅಂದೆ. ಮೊದಲು ಪ್ರಸಾದ ತಗೊಳ್ಳಿ ಅಂದರೆ, ನಾನು ಊಟಕ್ಕೆ ಬಂದಿಲ್ಲ ಅಂದಳು."

"ಪ್ರೆಸ್ಸಿನವನಿಗೆ ಕೊಟ್ಟೆಯಾ?"

"ಮುಂಗಡ ಇಲ್ಲದೆ ಅವನು ಕಾಗದ ಮುಟ್ಟೋದಿಲ್ಲ, ಬುದ್ಧಿ."

"ಅವಳು ಬರೆದದ್ದನ್ನು ಓದಿದೆಯಾ?"

"ಓದಿದೆ. ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು."

ಗುರುಗಳ ಮುಖ ಕೆಂಪಗಾಯಿತು. ಅವರಿಗೆ ಸಿಟ್ಟು ಬಂದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. "ಕೂತುಕೋ" ಎಂದು ಇಳಿದ ದನಿಯಲ್ಲಿ ಹೇಳಿ, ಈ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಆ ಊರಿಗೆ ಕೆರೆ ಇರಲಿಲ್ಲ. ಅವನ ತಾಯಿ ಬದುಕಿದ್ದಷ್ಟು ದಿನವೂ ಹರದಾರಿ ದೂರದಿಂದ ನೀರು ಹೊತ್ತಳು. ಹೊತ್ತು ಹೊತ್ತು ಸೊಂಟ ಬಾಗಿ ಸತ್ತಳು. ಆಮೇಲೆ ಮಗ ಕೈತುಂಬ ಸಂಪಾದಿಸಿದ. ತಾಯಿಯ ನೆನಪಿಗೆ ಊರಿಗೊಂದು ಕೆರೆ ಕಟ್ಟಿಸಿದ. ಒಳ್ಳೆಯ ಕೆಲಸ. ಅವನನ್ನು ದುಷ್ಟ ಎಂದು ತಿಳಿಯಬೇಡ. ದುಷ್ಟನಾಗಿದ್ದರೆ ನಾನು ಈ ಕತೆಯನ್ನು ನಿನಗೆ ಹೇಳುತ್ತಿರಲಿಲ್ಲ.

ಮಣ್ಣು ಅಗೆದವರಿಗೆ ಅವನು ಸಂಜೆ ಸಂಜೆಗೇ ಕೂಲಿ ಅಳೆದುಕೊಟ್ಟ. ಬುಟ್ಟಿ ಹೊತ್ತವರಿಗೆ ಕೊಟ್ಟ. ಎತ್ತುಗಳಿಗೆ ಹೊಟ್ಟೆತುಂಬ ಹುಲ್ಲು ಹಾಕಿಸಿದ. ಏರಿಯ ಮೇಲೆ ನಿಲ್ಲಿಸಲು ಆಳೆತ್ತರದ ಒಂದು ಕಲ್ಲು ತರಿಸಿದ. ಕಲ್ಲು ತಂದ ಗಾಡಿಯವನಿಗೂ ಬಾಕಿ ಉಳಿಸಲಿಲ್ಲ. ಆ ಕಲ್ಲಿನ ಮೇಲೆ ತಾಯಿಯ ವಿಷಯ ಕೆತ್ತಿಸಬೇಕೆಂದು ಅವನ ಆಸೆ. ತಾನು ಸತ್ತರೂ ತಾಯಿಯ ಹೆಸರು ಊರಿನವರ ಬಾಯಲ್ಲಿ ಉಳಿಯಬೇಕು ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಪಕ್ಕದ ಊರಿನಲ್ಲಿ ಒಬ್ಬ ಬರಹಗಾರ ಇದ್ದ. ಅವನಿಗೆ ಅರಮನೆಯ ಆಸರೆ ಇರಲಿಲ್ಲ. ಕರೆದವರಿಗೆ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ವ್ಯಾಪಾರಿ ಅವನಿಗೆ ಹೇಳಿಕಳಿಸಿದ. ಬಂದವನು ಮೊದಲು, "ಏನು ಕೊಡುತ್ತೀರಿ?" ಎಂದು ಕೇಳಿದ.

"ಅದನ್ನು ಆಮೇಲೆ ನೋಡಿಕೊಳ್ಳೋಣ, ಪಂಡಿತರೇ. ನಿಮಗೆ ನಾನು ಅನ್ಯಾಯ ಮಾಡುತ್ತೇನೆಯೆ?" ಎಂದ ವ್ಯಾಪಾರಿ.

ಬರಹಗಾರ ತಲೆಯಾಡಿಸಿದ. ಅವನ ತಪ್ಪು ಅದೊಂದೇ. ಕಲ್ಲುಕುಟಿಗನಾಗಿದ್ದರೆ ಆ ಮಾತಿಗೆ ಉಳಿ ಎತ್ತುತ್ತಿರಲಿಲ್ಲ. ವ್ಯಾಪಾರಿ ಅಕ್ಷರ ಕೆತ್ತಲು ಕರೆಸಿದ್ದ ಕಲ್ಲುಕುಟಿಗನನ್ನು 'ಏನೋ, ಬಾರೋ' ಎನ್ನುತ್ತಿದ್ದ, ಸಾಲಿಗೆ ನಾಲ್ಕು ಸೇರು ರಾಗಿಯಂತೆ ಕೂಲಿ ಮಾತಾಡಿಕೊಂಡಿದ್ದ. ಬರಹಗಾರನನ್ನು 'ಪಂಡಿತರೇ, ದಯಮಾಡಿಸಿ' ಎನ್ನುತ್ತಿದ್ದ. ಬಹುವಚನಕ್ಕೆ ಕಾಸು ಬೀಳುವುದಿಲ್ಲವಲ್ಲ!

ಬರಹಗಾರ ಬೇರೆ ಕೆಲಸ ಬಿಟ್ಟು ಇದನ್ನು ಹಿಡಿದ. ಆ ತಾಯಿಯ ಜೊತೆ ನೀರಿಗೆ ಹೋಗುತ್ತಿದ್ದ ಮುದುಕಿಯರನ್ನು ಹುಡುಕಿ ಮಾತಾಡಿಸಿದ. ಅವಳು ಎಲ್ಲಿ ಕೊಡ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು, ದಾರಿಯಲ್ಲಿ ಏನು ಹಾಡುತ್ತಿದ್ದಳು ಎಂದು ಕೇಳಿದ. ಒಂದು ದಿನ ತಾನೇ ತುಂಬಿದ ಕೊಡ ಹೊತ್ತು ಆ ಹರದಾರಿ ನಡೆದ. ಮನೆಗೆ ಬಂದು ನಲವತ್ತು ಸಾಲು ಬರೆದ.

ವ್ಯಾಪಾರಿ ಕೇಳಿ ತಲೆದೂಗಿದ. ಆಮೇಲೆ ಬೆರಳು ಮಡಿಸಿದ. ನಲವತ್ತು ಸಾಲಿಗೆ ಕಲ್ಲುಕುಟಿಗನಿಗೆ ಎಷ್ಟು ಸೇರು ಹೋಗುತ್ತದೆ? "ಸ್ವಲ್ಪ ಕಡಿಮೆ ಮಾಡಿ, ಪಂಡಿತರೇ" ಎಂದ. ಬರಹಗಾರ ಇಪ್ಪತ್ತು ಸಾಲು ಮಾಡಿ ತಂದ. ಇನ್ನೂ ಕಡಿಮೆ ಮಾಡಿ ಎಂದ. ಹತ್ತು ಮಾಡಿ ತಂದ. ಕೊನೆಗೆ ನಾಲ್ಕಕ್ಕೆ ಇಳಿಸಿದ.

ನೀನು ಎಂದೂ ಬರೆದವನಲ್ಲ, ನಿನಗೆ ತಿಳಿಯದು. ಕಡಿಮೆ ಮಾಡಿದಷ್ಟೂ ಕೆತ್ತುವವನಿಗೆ ಕೆಲಸ ಕಡಿಮೆ, ಬರೆಯುವವನಿಗೆ ಕೆಲಸ ಹೆಚ್ಚು. ನಲವತ್ತು ಸಾಲಿಗೆ ಅವನಿಗೆ ಹದಿನೈದು ದಿನ ಹಿಡಿದಿತ್ತು. ನಾಲ್ಕು ಸಾಲಿಗೆ ಎರಡು ತಿಂಗಳು ಹಿಡಿಯಿತು. ನಲವತ್ತರಲ್ಲಿ ಇದ್ದದ್ದೆಲ್ಲ ಆ ನಾಲ್ಕರಲ್ಲೂ ಇತ್ತು. ತಾಯಿಯ ಹೆಸರು ಇತ್ತು, ಅವಳ ಕೊಡ ಇತ್ತು, ಅವಳ ಬಾಗಿದ ಸೊಂಟವೂ ಇತ್ತು.

ವ್ಯಾಪಾರಿ ಆ ನಾಲ್ಕು ಸಾಲು ಕೇಳಿ ಅತ್ತ. ಅಂಗಡಿಯ ಗಿರಾಕಿಗಳ ಎದುರೇ ಹೆಗಲ ವಲ್ಲಿ ಮುಖಕ್ಕೆ ಒತ್ತಿಕೊಂಡು ಅತ್ತ. "ನಮ್ಮವ್ವ ಎದುರಿಗೆ ಬಂದು ನಿಂತಳು" ಎಂದ. ಇನ್ನೊಮ್ಮೆ ಓದಿಸಿ ಇನ್ನೊಮ್ಮೆ ಅತ್ತ.

ಶಿಷ್ಯ ತಡೆಯಲಾರದೆ, "ಆ ಸಾಲುಗಳು ಯಾವುವು, ಬುದ್ಧಿ?" ಎಂದು ಕೇಳಿದ.

"ತಾಳು" ಎಂದು ಗುರುಗಳು ಮುಂದುವರಿಸಿದರು.

ಕಲ್ಲುಕುಟಿಗನಿಗೆ ಅಕ್ಷರ ಬಾರದು. ಬರಹಗಾರ ಕೆಮ್ಮಣ್ಣು ಕಲಸಿ ಕಲ್ಲಿನ ಮೇಲೆ ಅಕ್ಷರ ಬರೆಯಬೇಕು. ಆ ಗೆರೆಯ ಮೇಲೆ ಕಲ್ಲುಕುಟಿಗ ಉಳಿ ಇಡಬೇಕು. ಕೆಲಸದ ಕ್ರಮವೇ ಹಾಗೆ. ಬರಹಗಾರ ನಾಲ್ಕು ಸಾಲನ್ನೂ ಬರೆದ. ವ್ಯಾಪಾರಿಯೇ ಹೇಳಿದ್ದರಿಂದ ಅದರ ಕೆಳಗೆ, ಐದನೆಯ ಸಾಲಾಗಿ, ತನ್ನ ಹೆಸರನ್ನೂ ಬರೆದ. ಕೆಮ್ಮಣ್ಣು ಒಣಗುವ ಹೊತ್ತಿಗೆ ವ್ಯಾಪಾರಿಯ ಅಂಗಡಿಗೆ ಹೋದ. ಬರಹಗಾರನ ಹೆಂಡತಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಮನೆಯಲ್ಲಿ ಹಿಡಿ ಕಾಳೂ ಇರಲಿಲ್ಲ.

"ಬುಟ್ಟಿ ಹೊತ್ತವನಿಗೆ ದಿನಕ್ಕೆ ಎಷ್ಟು ಕೊಟ್ಟಿರೋ ನನಗೂ ಅಷ್ಟೇ ಕೊಡಿ. ಹೆಚ್ಚು ಬೇಡ" ಎಂದು ಕೇಳಿದ.

ವ್ಯಾಪಾರಿ ಕಣ್ಣರಳಿಸಿದ. "ನಾಲ್ಕು ಸಾಲಿಗೆ ಎರಡು ತಿಂಗಳ ಕೂಲಿಯೆ? ಇದೇನು, ಪಂಡಿತರೇ, ಸರಸ್ವತಿಯ ಮಕ್ಕಳು ನೀವು, ಕೂಲಿಯವರ ಹಾಗೆ ಕೈ ಚಾಚುತ್ತೀರಲ್ಲ! ಸೂರ್ಯಚಂದ್ರರು ಇರುವ ತನಕ ನಿಮ್ಮ ಹೆಸರು ನಮ್ಮವ್ವನ ಹೆಸರಿನ ಕೆಳಗೆ ಇರುತ್ತದೆ. ಇದಕ್ಕಿಂತ ಇನ್ನೇನು ಬೇಕು? ಕಲ್ಲು ನಿಲ್ಲಿಸುವ ದಿನ ಬನ್ನಿ, ಒಳ್ಳೆಯ ಶಾಲು ತರಿಸಿದ್ದೇನೆ."

ಈ ಕತೆ ಹೇಳುವಾಗಲೆಲ್ಲ ಇಲ್ಲಿಗೆ ಬಂದಾಗ ನನಗೆ ಹೊಟ್ಟೆ ಉರಿಯುತ್ತದೆ, ಮರುಳಯ್ಯ. ಬುಟ್ಟಿ ಹೊತ್ತವನಿಗೆ ಇವನು ಸೂರ್ಯಚಂದ್ರರನ್ನು ತೋರಿಸಿದನೆ? ಎತ್ತಿಗೆ ಹುಲ್ಲಿನ ಬದಲು ಶಾಲು ಹೊದಿಸಿದನೆ? ಬರೆಯುವವನಿಗೆ ಮಾತ್ರ ಹೊಟ್ಟೆ ಇಲ್ಲ ಎಂದು ಈ ಜನಕ್ಕೆ ಯಾರು ಹೇಳಿಕೊಟ್ಟರೋ ನನಗೆ ತಿಳಿಯದು.

ಬರಹಗಾರ ಎದ್ದು ಕೆರೆಯ ಏರಿಗೆ ಬಂದ. ಹಾಡುಹಗಲು, ಜನ ನೋಡುತ್ತಿದ್ದರು. ಬೊಗಸೆಯಲ್ಲಿ ನೀರು ತಂದು ಐದನೆಯ ಸಾಲನ್ನು ಒರೆಸಿದ. "ನನ್ನ ಹೆಸರು ಅಳಿಸಿದ್ದೇನೆ. ಈಗ ಕೂಲಿ ಕೊಡಿ" ಎಂದು ಒಬ್ಬನ ಕೈಯಲ್ಲಿ ವ್ಯಾಪಾರಿಗೆ ಹೇಳಿಕಳಿಸಿದ.

ಹೋದವನು ಉತ್ತರ ತಂದ. ವ್ಯಾಪಾರಿ ನಕ್ಕನಂತೆ. "ಅವರ ಇಷ್ಟ. ಕೆತ್ತುವ ಕೂಲಿ ನಾಲ್ಕು ಸೇರು ಉಳಿಯಿತು" ಎಂದನಂತೆ.

ಬರಹಗಾರ ಪಕ್ಕದ ಗುಡಿಸಲಿನಿಂದ ಒಂದು ಕೊಡ ಇಸಿದುಕೊಂಡ. ಹೊಸ ಕೆರೆಯಲ್ಲಿ ತುಂಬಿದ. ಹೆಗಲ ಮೇಲೆ ಹೊತ್ತು ತಂದು ಕಲ್ಲಿನ ಮೇಲೆ ಸುರಿದ. ನೀರು ಕೆಂಪಗೆ ಹರಿಯಿತು. ಒಂದು ಅಕ್ಷರವೂ ಉಳಿಯದ ಹಾಗೆ ಅಂಗೈಯಲ್ಲಿ ತಿಕ್ಕಿದ. ಮನೆಯಲ್ಲಿದ್ದ ಓಲೆಯ ಪ್ರತಿಯನ್ನೂ ಅವನು ಆ ದಿನವೇ ಒಲೆಗೆ ಹಾಕಿದನಂತೆ.

ಉಳಿ ಹಿಡಿದು ಕೂತಿದ್ದ ಕಲ್ಲುಕುಟಿಗ ಎಲ್ಲವನ್ನೂ ನೋಡಿದ. "ನಿನ್ನ ಕೆಲಸವನ್ನೂ ಹಾಳುಮಾಡಿದೆ, ತಪ್ಪಾಯಿತಪ್ಪ" ಎಂದು ಬರಹಗಾರ ಅವನಿಗೆ ಕೈಮುಗಿದ.

"ನಂದೇನೂ ಹೋಗಿಲ್ಲ ಸ್ವಾಮಿ, ಮುಂಗಡ ಇಸ್ಕೊಳ್ದೆ ನಾನು ಸುತ್ತಿಗೆ ಎತ್ತೋನಲ್ಲ. ನೀವು ಓದಿದೋರು. ಇಷ್ಟು ನಿಮಗೆ ತಿಳೀಲಿಲ್ವಾ?" ಎಂದ ಕಲ್ಲುಕುಟಿಗ.

ಅಷ್ಟರಲ್ಲಿ ವ್ಯಾಪಾರಿ ಓಡಿಬಂದ. ಹಿಂದೆ ಊರೇ ಬಂದಿತ್ತು. ಬೋಳು ಕಲ್ಲು ನೋಡಿ ಅವನ ಬಾಯಿಂದ ಬಹುವಚನ ಬಿದ್ದುಹೋಯಿತು. "ಏನು ಮಾಡಿದೆಯೋ, ಪಾಪಿ! ನಮ್ಮವ್ವನನ್ನು ಅಳಿಸಿಬಿಟ್ಟೆಯಲ್ಲೋ!" ಎಂದು ಕೂಗಿದ.

ಬರಹಗಾರ ಖಾಲಿ ಕೊಡವನ್ನು ಅವನ ಕಾಲ ಹತ್ತಿರ ಇಟ್ಟ. "ನಿಮ್ಮ ಕಲ್ಲು ಇಲ್ಲೇ ಇದೆ. ನಿಮ್ಮ ಕೆರೆ ಇಲ್ಲೇ ಇದೆ. ಸುರಿದ ನೀರು ಕೂಡ ನಿಮ್ಮ ಕೆರೆಗೇ ಹರಿದು ಹೋಯಿತು. ನೀವು ಕೂಲಿ ಕೊಟ್ಟದ್ದರಲ್ಲಿ ಯಾವುದು ಕಡಿಮೆಯಾಗಿದೆ, ಹೇಳಿ" ಎಂದ.

ವ್ಯಾಪಾರಿ ಆ ಸಾಲುಗಳನ್ನು ನೆನಪು ಮಾಡಿಕೊಳ್ಳಲು ನೋಡಿದ. ಮೊದಲ ಎರಡು ಮಾತು ಬಂದವು, ಮುಂದಿನದು ಬರಲಿಲ್ಲ. ಎರಡು ಸಲ ಕೇಳಿದ್ದ, ಎರಡು ಸಲವೂ ಅಳುವುದರಲ್ಲೇ ಇದ್ದ. ಆಗಲಾದರೂ ಕೂಲಿ ಕೊಟ್ಟು, ತಪ್ಪಾಯಿತು, ಮತ್ತೆ ಬರೆಯಿರಿ ಎನ್ನಬಹುದಿತ್ತು. ಊರ ಮುಂದೆ ತಲೆ ತಗ್ಗಿಸುವುದು ಹೇಗೆ ಎಂದು ಹಟ ಹಿಡಿದ. ಪುಕ್ಕಟೆ ಬರೆದುಕೊಡುವವರು ಬೇಕಾದಷ್ಟು ಜನ ಇದ್ದಾರೆ ಎಂದ. ಅದು ಸುಳ್ಳಲ್ಲ. ಬಂದರು, ಬರೆದರು. ಗಂಗೆ ಎಂದರು, ದೇವತೆ ಎಂದರು, ತ್ಯಾಗಮಯಿ ಎಂದರು. ಅದರಲ್ಲಿ ಎಲ್ಲೂ ಅವನ ತಾಯಿ ಇರಲಿಲ್ಲ. ಒಂದಕ್ಕೂ ಅವನಿಗೆ ಅಳು ಬರಲಿಲ್ಲ. ಬೋಳು ಕಲ್ಲನ್ನೇ ಏರಿಯ ಮೇಲೆ ನಿಲ್ಲಿಸಿ, ಇವತ್ತು ಬರೆಸುತ್ತೇನೆ, ನಾಳೆ ಬರೆಸುತ್ತೇನೆ ಎನ್ನುತ್ತಲೇ ಸತ್ತ.

ಬರಹಗಾರ ಗೆದ್ದ ಎಂದು ನೀನು ಸಂತೋಷಪಡಬೇಡ. ಅವನ ಹೆಂಡತಿಯ ಬಾಣಂತನಕ್ಕೆ ಬುಟ್ಟಿ ಹೊತ್ತವರ ಮನೆಗಳಿಂದ ಸೇರು, ಅರೆಸೇರು ರಾಗಿ ಬಂತು. ಮರುವರ್ಷ ಇನ್ನೊಂದು ಊರಿನ ಕೆರೆಗೆ ಅವನೂ ಬುಟ್ಟಿ ಹೊರಲು ಹೋದ. ಮೊದಲ ಸಂಜೆಯೇ ಕೂಲಿ ಕೈಗೆ ಬಿತ್ತು. ಅವನು ಮತ್ತೆ ಬರೆಯಲಿಲ್ಲ. ಅವನು ಬರೆಯಬಹುದಾಗಿದ್ದದ್ದು ಇನ್ನೂ ಏನೇನಿತ್ತೋ! ಎಲ್ಲ ಹೋಯಿತು.

ಆ ಕೆರೆಯನ್ನು ಜನ ಈಗ ಬೋಳುಗಲ್ಲಿನ ಕೆರೆ ಎನ್ನುತ್ತಾರೆ. ಯಾರು ಕಟ್ಟಿಸಿದರು ಎಂದು ಕೇಳಿದರೆ, ಯಾರೋ ಒಬ್ಬ ವ್ಯಾಪಾರಿ ಎನ್ನುತ್ತಾರೆ. ಯಾರ ನೆನಪಿಗೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ನಾಲ್ಕು ಸಾಲು ಯಾವುವು ಎಂದು ಕೇಳಿದೆಯಲ್ಲ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆ ತಾಯಿಯ ಹೆಸರೂ ಗೊತ್ತಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯನ ಕಣ್ಣು ಒದ್ದೆಯಾಗಿತ್ತು. "ಆ ತಾಯಿ ಏನು ತಪ್ಪು ಮಾಡಿದ್ದಳು, ಬುದ್ಧಿ? ಇವರಿಬ್ಬರ ಜಗಳದಲ್ಲಿ ಅವಳ ಹೆಸರು ಯಾಕೆ ಹೋಗಬೇಕಾಗಿತ್ತು?" ಎಂದು ಕೇಳಿದ.

ಗುರುಗಳು, "ಜಗಲಿಯ ಮೇಲೆ ಕೂತಿರುವ ಹೆಣ್ಣುಮಗಳು ಕೊನೆಗೆ ಏನಂದಳು?" ಎಂದರು.

ಶಿಷ್ಯ ನೆಲ ನೋಡಿದ. "ದುಡ್ಡು ಕೊಡೋದಿಲ್ಲ ಅಂದರೆ ಪುಸ್ತಕದಿಂದ ನನ್ನ ಹೆಸರು ತೆಗೆದುಬಿಡಿ ಅಂದಳು, ಬುದ್ಧಿ."

"ನೀನು ಏನಂದೆ?"

"ಆಗಲಿ ಅಂದೆ."

ಗುರುಗಳು ಕನ್ನಡಕ ಹಾಕಿಕೊಂಡು ಅವನ ಒದ್ದೆ ಕಣ್ಣುಗಳನ್ನೇ ನೋಡುತ್ತ ಹೇಳಿದರು:

"ನನ್ನ ಗುರುವಿನ ಹೆಸರು ತೊಳೆದುಹಾಕೋದಕ್ಕೆ ಅವಳು ಕೊಡ ತರಬೇಕಾಗಿಲ್ಲ, ನಿನ್ನ ಕಣ್ಣೀರೇ ಸಾಕು."