ಏಡಿ ಸ್ಪೀಡ್ ಬೋಟು ಕೊಂಡದ್ದು

ಅಳಿವೆಯ ಏಡಿಗೆ ಸ್ಪೀಡ್ ಬೋಟಿನ ಹುಚ್ಚು ಹಿಡಿಯಿತು. ತಂಗಿಯ ಮನೆ ಆಚೆ ದಡದಲ್ಲಿತ್ತು. ಅಡ್ಡಡ್ಡ ನಡೆದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಬ್ಬದೂಟ ಮುಗಿದು, ಪಾತ್ರೆಯನ್ನೂ ತೊಳೆದಿಟ್ಟಿರುತ್ತಿದ್ದರು.

ಬೋಟು ಮಾರುತ್ತಿದ್ದದ್ದು ಕೊಕ್ಕರೆ.

"ಎಷ್ಟು ಸಾಹುಕಾರ್ರೇ?" ಎಂದು ಏಡಿ ಕೇಳಿತು.

"ನಲವತ್ತು ಮೀನು."

ಏಡಿ ಹೇಗೋ ನಲವತ್ತು ಹೊಂದಿಸಿ ತಂದರೆ ಬೆಲೆ ಐವತ್ತಾಗಿತ್ತು. ಐವತ್ತು ತಂದರೆ ಅರವತ್ತಾಗಿತ್ತು.

"ಇದ್ಯಾವ ನ್ಯಾಯ?"

"ಮತ್ತೆ ಮತ್ತೆ ಕೇಳೋರಿದ್ದರೆ ರೇಟು ಏರುತ್ತಪ್ಪಾ. ವ್ಯಾಪಾರ ಅಂದ್ರೆ ಅದೇ."

ಏಡಿ ಆ ಪಾಠವನ್ನು ಜೋಪಾನವಾಗಿ ಬಿಲಕ್ಕೆ ಒಯ್ದು, ತಂದ ಮೀನು ತಿಂದು ಸುಮ್ಮನೆ ಮಲಗಿತು.

ಮಳೆಗಾಲ ಹತ್ತಿರ ಬಂತು. ಬೋಟುಗಳನ್ನೆಲ್ಲ ದಡಕ್ಕೆಳೆದು ತೆಂಗಿನ ಮಡಲು ಹೊದಿಸುವ ಕಾಲ. ನೀರಲ್ಲೇ ಬಿಟ್ಟರೆ ಬೋಟು ಕಲ್ಲಿಗೆ ಬಡಿದು ಚೂರಾಗುತ್ತದೆ. ಎಳೆಯೋಣವೆಂದರೆ ಕೊಕ್ಕರೆಯದು ಕಡ್ಡಿಕಾಲು. ಅದು ಬಿಲದ ಬಾಯಿಗೆ ಓಡಿ ಬಂತು.

"ಏಡಿಯಣ್ಣಾ, ನಿನ್ನ ಬಳಗ ಕರ್ಕೊಂಡು ಬಂದು ಬೋಟು ಎಳೆದುಕೊಡು. ಕೂಲಿ ಎಷ್ಟು?"

"ಇಪ್ಪತ್ತು ಮೀನು."

"ಇಪ್ಪತ್ತಾ! ನೋಡಿ ಹೇಳು, ಎಷ್ಟು?"

"ನಲವತ್ತು."

"ಸರಿಯಾಗಿ ಹೇಳು ಮಾರಾಯ, ಎಷ್ಟು?"

"ಅರವತ್ತು. ಇನ್ನೊಮ್ಮೆ ಕೇಳ್ತೀರಾ ಸಾಹುಕಾರ್ರೇ?"

ಕೊಕ್ಕರೆ ಗಪ್ಪನೆ ಕೊಕ್ಕು ಮುಚ್ಚಿತು. ಸಿಕ್ಕಿದ್ದನ್ನು ಅಲ್ಲಲ್ಲೇ ನುಂಗುವ ಅದರ ಬಳಿ ಅರವತ್ತು ಮೀನು ಎಲ್ಲಿಂದ ಬರಬೇಕು? ಕೂಲಿಗೆ ಬೋಟೇ ಹೋಯಿತು.

ಈಗ ಏಡಿ ಮಡಲಿನ ಕೆಳಗೆ, ತನ್ನ ಬೋಟಿನಲ್ಲಿ ಎಂಟೂ ಕಾಲು ಚಾಚಿ ಕೂತಿದೆ. ಕಡಲು ಶಾಂತವಾಗಲು ಇನ್ನೂ ಎರಡು ತಿಂಗಳು ಬೇಕು, ಆಗಲಿ, ಅವಸರವೇನಿಲ್ಲ. ಆಚೆ ದಡಕ್ಕೆ ಹೊರಟ ನೀರುನಾಯಿಯ ಕೈಯಲ್ಲಿ ತಂಗಿಗೆ ಹೇಳಿ ಕಳಿಸಿದೆ: "ಚೌತಿಗೆ ಎಲೆ ಹಾಕುವ ಹೊತ್ತಿಗೇ ಬರ್ತೇನೆ. ಪಾತ್ರೆ ತೊಳೆದುಬಿಡಬೇಡ!"